ಹೊರಟರೆ ಹೊರಟಿತು

ರೋಗಗಳಲ್ಲೆಲ್ಲ ವೈದ್ಯನನ್ನು ಹೆಚ್ಚು ಕಾಡುವುದು ಬಂದು ಹೋಗುವ ರೋಗ. ಮುರಿದ ಕಾಲು ಯಾರ ಕಣ್ಣಿಗಾದರೂ ಕಾಣುತ್ತದೆ. ದಿನ ಬಿಟ್ಟು ದಿನ ಬರುವ ಚಳಿಜ್ವರವಾದರೋ, ರೋಗಿ ಆಸ್ಪತ್ರೆಗೆ ಹೋದ ದಿನವೇ ರಜೆ ಹಾಕಿಬಿಡುತ್ತದೆ. ನಮ್ಮ ಹಳೆಯ ಪಿಕಪ್ ಗಾಡಿಗೆ ಹಿಡಿದದ್ದು ಇಂಥದೇ ಕಾಯಿಲೆ.

ಊರಿನವರ ಟೊಮೆಟೊವನ್ನು ಕೋಲಾರದ ಎ.ಪಿ.ಎಂ.ಸಿ. ಮಾರುಕಟ್ಟೆಗೆ ಸಾಗಿಸುವುದು ನಮ್ಮ ತಂದೆಯವರ ಕಸುಬು. ನನ್ನ ಫೀಜು, ತಂಗಿಯ ಪುಸ್ತಕ, ಮನೆಯ ಅಕ್ಕಿ ಎಲ್ಲವೂ ಆ ಗಾಡಿಯ ನಾಲ್ಕು ಚಕ್ರದ ಮೇಲೆಯೇ ಬರತಕ್ಕದ್ದು. ಕೀಲಿ ತಿರುಗಿಸಿದರೆ ಅದು ಒಮ್ಮೆ ಗುರ್ರೆಂದು ಹೊರಡುವುದು. ಇನ್ನೊಮ್ಮೆ 'ಟಕ್' ಎಂದು ಸುಮ್ಮನಾಗುವುದು. ಗ್ಯಾರೇಜಿಗೆ ಒಯ್ದರೆ ಇನ್‌ಸ್ಪೆಕ್ಟರು ಬಂದ ದಿನದ ಶಾಲಾ ಹುಡುಗನಂತೆ ಹತ್ತಕ್ಕೆ ಹತ್ತು ಸಲವೂ ಹೊರಡುವುದು! ಮೆಕ್ಯಾನಿಕ್ ತಾನೆ ಏನು ಮಾಡಿಯಾನು? ಹೊಸ ಬ್ಯಾಟರಿ ಹಾಕಿಸಿದ, ಸೆಲ್ಫ್ ಬಿಚ್ಚಿ ರಿಪೇರಿ ಮಾಡಿದ. ಖರ್ಚು ಬೆಳೆಯಿತು, ಕಾಯಿಲೆ ಉಳಿಯಿತು. ಹರಾಜಿಗೆ ಎರಡು ಸಲ ಹೊತ್ತು ಮೀರಿದ ಮೇಲೆ ಮೂವರು ರೈತರು ತಮ್ಮ ಬಾಕ್ಸುಗಳನ್ನು ಬೇರೆ ಗಾಡಿಗೆ ಹಾಕಿದರು. ಬಂದ ಬೆಲೆಗೆ ಗಾಡಿಯನ್ನು ಮಾರಿಬಿಡುವ ಮಾತು ಮನೆಯಲ್ಲಿ ಹುಟ್ಟಿತು.

"ನಿನ್ನ ಬಿ.ಎ.ನಲ್ಲಿ ಇದಕ್ಕೇನೂ ಮಂತ್ರ ಇಲ್ವೇನಪ್ಪಾ?" ಎಂದರು ಅಪ್ಪ. ಅವರು ಹಾಸ್ಯಕ್ಕೆ ಹೇಳಿದರೋ ಬೇಸರಕ್ಕೋ ತಿಳಿಯಲಿಲ್ಲ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ.

ಮಂತ್ರವಿರಲಿಲ್ಲ, ಆದರೆ ತರ್ಕವಿತ್ತು. ಕಾರ್ಯ ಇದ್ದಲ್ಲೆಲ್ಲ ಏನಿದೆ, ಕಾರ್ಯ ಇಲ್ಲದಲ್ಲಿ ಏನಿಲ್ಲ ಎಂದು ಹುಡುಕಿದರೆ ಕಾರಣ ಸಿಕ್ಕುವುದೆಂದು ಮಿಲ್ ಮಹಾಶಯನು 1843ರ ತನ್ನ ತರ್ಕಗ್ರಂಥದಲ್ಲಿ ವಿವರಿಸಿದ್ದಾನೆ. ನಮ್ಮ ಶಾಸ್ತ್ರಕಾರರಿಗೆ ಇದು ಅನ್ವಯ-ವ್ಯತಿರೇಕ. ನಾನು ಒಂದು ನೋಟುಪುಸ್ತಕವನ್ನು ಗಾಡಿಯಲ್ಲಿಟ್ಟು ಪ್ರತಿದಿನ ಬರೆದೆ: ಚಳಿಯೋ ಬಿಸಿಲೋ, ಮಳೆ ಬಂದಿತ್ತೇ, ಹಿಂದಿನ ದಿನ ಯಾವ ದಾರಿ, ಕೀಲಿ ತಿರುಗಿಸಿದಾಗ ಯಾವ ಸದ್ದು.

23 ದಿನಗಳಲ್ಲಿ 7 ದಿನ ಗಾಡಿ ಮುಷ್ಕರ ಹೂಡಿತು. ಆ ಏಳು ದಿನವೂ ತಳ್ಳಿದೊಡನೆ ಹೊರಟಿತು. ಆದುದರಿಂದ ಡೀಸೆಲ್ಲಿಗೂ ಎಂಜಿನ್ನಿಗೂ ದೋಷವಿಲ್ಲ. ಚಳಿ ಮಳೆಗಳಿಗೆ ಸಂಬಂಧ ಕಾಣಲಿಲ್ಲ. ಆದರೆ ಏಳರಲ್ಲಿ ಆರು, ತೋಟದ ಕುಲುಕು ದಾರಿಯಲ್ಲಿ ಓಡಾಡಿದ ಮರುದಿನಗಳು! ಕುಲುಕಿದರೆ ಕೆಡುವುದು ಸಡಿಲವಾದದ್ದೇ ಅಲ್ಲವೆ?

ಪಂಪ್‌ಸೆಟ್ ರಿಪೇರಿಯ ಅಂಗಡಿಯಿಂದ ಮೀಟರು ಎರವಲು ತಂದು ಕೆಟ್ಟ ದಿನಕ್ಕಾಗಿ ಕಾದೆ. ಅದು ಬಂದಿತು. ಬ್ಯಾಟರಿ 12.6 ವೋಲ್ಟ್, ಅದು ಸರಿ. ತಂದೆಯವರು ಕೀಲಿ ತಿರುಗಿಸಿದರು. ನಾನು ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದನ್ನು ಎಂಜಿನ್ನಿನ ಮೈಗೂ ಹಿಡಿದೆ. ಅರ್ಧ ವೋಲ್ಟ್ ಮೀರಬಾರದ ಕಡೆ 5 ವೋಲ್ಟ್ ತೋರಿಸಿತು!

ಎಂಜಿನ್ ರಬ್ಬರಿನ ಮೆತ್ತೆಗಳ ಮೇಲೆ ಕುಳಿತಿರುತ್ತದೆ. ರಬ್ಬರಿನಲ್ಲಿ ವಿದ್ಯುತ್ತು ಹರಿಯದು. ಆದುದರಿಂದ ಎಂಜಿನ್ನಿಗೂ ಚಾಸಿಗೂ ನಡುವೆ ಅರ್ತಿನ ಪಟ್ಟಿಯೊಂದಿರುತ್ತದೆ. ಅದರ ಬೋಲ್ಟಿನಡಿ ತುಕ್ಕು ಹಿಡಿದಿತ್ತು. ಅಡ್ಡಿ ಓಮಿನ ನೂರರಲ್ಲಿ ಐದು ಭಾಗ ಮಾತ್ರ. ಚಿಕ್ಕ ದೀಪಕ್ಕೆ ಅದು ಲೆಕ್ಕಕ್ಕಿಲ್ಲ. 100 ಆಂಪಿಯರ್ ಎಳೆಯುವ ಸೆಲ್ಫಿಗಾದರೆ 5 ವೋಲ್ಟನ್ನು ದಾರಿಯಲ್ಲೇ ನುಂಗುತ್ತದೆ. 1827ರಲ್ಲಿ ಓಮ್ ಪ್ರಕಟಿಸಿದ ನಿಯಮವೇ ಇದು. ಬೋಲ್ಟು ಬಿಚ್ಚಿ, ಉಪ್ಪುಕಾಗದದಿಂದ ಲೋಹ ಹೊಳೆಯುವಂತೆ ಉಜ್ಜಿ, ಹೊಸ ಪಟ್ಟಿ ಹಾಕಿ ಬಿಗಿದು ಗ್ರೀಸು ಬಳಿದೆವು. ಖರ್ಚು 180 ರೂಪಾಯಿ.

ಮೆಕ್ಯಾನಿಕ್ ನನಗಿಂತ ನೂರುಪಾಲು ಬಲ್ಲವನು. ಅವನಿಗಿಲ್ಲದೆ ನನಗಿದ್ದದ್ದು ಬಿಡುವು. ಕೆಟ್ಟ ದಿನದಲ್ಲಿ ಗಾಡಿಯ ಬಳಿ ಇರುವ ಅವಕಾಶ. ಬಂದು ಹೋಗುವ ದೋಷವನ್ನು ಹಿಡಿಯಬೇಕಾದರೆ ಅದು ಬಂದಾಗ ನಾವು ಮನೆಯಲ್ಲಿರಬೇಕು.

ಗಾಡಿ ಈಗ ದಿನವೂ ಹೊರಡುತ್ತಿದೆ. ಬಿಟ್ಟುಹೋದ ಮೂವರಲ್ಲಿ ಇಬ್ಬರು ಮತ್ತೆ ಲೋಡು ಕೊಡುತ್ತಿದ್ದಾರೆ. ಮೂರನೆಯವರು ಇನ್ನೂ ನೋಡೋಣವೆನ್ನುತ್ತಾರೆ. ಬೋಲ್ಟಿನ ತುಕ್ಕಿಗೆ ಉಪ್ಪುಕಾಗದ ಸಾಕು. ನಂಬಿಕೆಯ ತುಕ್ಕಿಗೆ ಬಹಳ ದಿನ ಬೇಕು.