ತಪ್ಪಿಯಲ್ಲಿ ಹಾಡುವ ಕಲ್ಲು

ಊರಿನ ಹೆಸರು ತಪ್ಪಿ. ಆದರೆ ನಾವು ಅಲ್ಲಿಗೆ ದಾರಿ ತಪ್ಪಿ ಹೋದವರಲ್ಲ. ರೈಲು ಬದಲಿಸಿ, ಟ್ಯಾಕ್ಸಿ ಹಿಡಿದು, ಬೇಕೆಂದೇ ಹೋದವರು. ಜಪಾನಿನ ಮುಖ್ಯ ದ್ವೀಪವಾದ ಹೊನ್‌ಷುವಿನ ಉತ್ತರ ಭಾಗದಲ್ಲಿ ತ್ಸುಗಾರು ಎಂಬ ಪರ್ಯಾಯದ್ವೀಪವಿದೆ. ಅದರ ತುದಿಯ ಭೂಶಿರವೇ ತಪ್ಪಿ. ಎದುರಿಗೆ ಸಮುದ್ರ, ಸಮುದ್ರದಾಚೆ ಹೊಕ್ಕಾಯ್ಡೊ ದ್ವೀಪ. ಗಾಳಿಗೆ ಹೆಸರಾದ ಜಾಗ. ‘ಅಲ್ಲೊಂದು ಕಲ್ಲು ಹಾಡುತ್ತೆ ಅಪ್ಪ, ನೀವು ಕೇಳಲೇಬೇಕು’ ಎಂದು ಮಗಳು ಹಟ ಹಿಡಿದಿದ್ದಳು.

ಅವಳು ಸೆಂಡಾಯ್ ನಗರದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಕಳೆದ ನವೆಂಬರ್ ಮೊದಲ ವಾರ ಅವಳನ್ನು ನೋಡಿಬರಲು ಹೋಗಿದ್ದೆ. ಅವಳು ಜಪಾನಿಗೆ ಹೋದದ್ದಕ್ಕೂ ಜಪಾನಿ ಹಾಡುಗಳಿಗೂ ಸಂಬಂಧವಿದೆ. ಆ ಕಥೆಯಲ್ಲಿ ನನ್ನದೂ ಒಂದು ತಪ್ಪಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

2021ರ ಆರಂಭ. ಮಗಳು ಪ್ರಥಮ ಪಿಯುಸಿ. ಕೊರೋನಾ ದೆಸೆಯಿಂದ ಪಾಠವೆಲ್ಲ ಮೊಬೈಲಿನಲ್ಲಿ, ಹೆಡ್‌ಫೋನ್ ಕಿವಿಯಿಂದ ಇಳಿಯುತ್ತಿರಲಿಲ್ಲ. ಒಂದು ದಿನ ಅದರಿಂದ ಹೊರಗೂ ಕೇಳಿಸುವಷ್ಟು ಜೋರಾಗಿ ಹುಡುಗಿಯೊಬ್ಬಳು ಕಿರುಚುತ್ತಿದ್ದಳು. ‘ಏನಿದು ಗದ್ದಲ? ಅರ್ಥ ಹೇಳು ನೋಡೋಣ’ ಎಂದೆ. ಮಗಳು ತಲೆಯೆತ್ತದೆ, ‘ಸಾಕು, ಸುಮ್ನಿರಿ’ ಎಂದಳು. ಅದು ಹಾಡಿನ ಹೆಸರಿನ ಅರ್ಥ. ನಾನು ಅದು ನನಗೇ ಹೇಳಿದ್ದೆಂದು ತಿಳಿದು ಹೆಡ್‌ಫೋನ್ ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ತಿಂಗಳ ಮೇಲೆ ವಾಪಸು ಕೊಟ್ಟರೂ ಅವಳು ನನ್ನೆದುರಿಗೆ ಮತ್ತೆಂದೂ ಆ ಹಾಡುಗಳನ್ನು ಹಾಕಲಿಲ್ಲ. ಒಳಗೊಳಗೇ ಕೇಳಿ, ಪದ ಬರೆದುಕೊಂಡು, ಲಿಪಿ ಕಲಿತು, ಕೊನೆಗೆ ಆ ದೇಶಕ್ಕೇ ಹೊರಟು ನಿಂತಾಗಲೇ ನನಗೆ ವಿಷಯ ತಿಳಿದದ್ದು.

ರೈಲಿನಲ್ಲಿ ಎರಡು ತಲೆಮಾರು

ಸೆಂಡಾಯ್‌ನಿಂದ ಹೊಸ ಆವೊಮೊರಿಗೆ ಷಿಂಕಾನ್ಸೆನ್ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ರೈಲು ಹೊರಟೊಡನೆ ಮಗಳು ಚೀಲದಿಂದ ಉದ್ದನೆಯ, ಅಗಲ ಕಡಿಮೆಯ ಒಂದು ಕಾಗದದ ಪೊಟ್ಟಣ ತೆಗೆದಳು. ಒಳಗೆ ಅಂಗೈಯಲ್ಲಿ ಅಡಗುವ ಎಂಟು ಸೆಂಟಿಮೀಟರಿನ ಸಿ.ಡಿ. ಹಳೆಯ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತಂತೆ. ಜಪಾನಿನಲ್ಲಿ ಇಂಥ ಸಿ.ಡಿ.ಗಳು 1988ರಲ್ಲಿ ಬಂದವು. ಕವಿತೆ ಬರೆಯುವ ಉದ್ದನೆಯ ಚೀಟಿಗೆ ಅಲ್ಲಿ ‘ತಾನ್ಜಾಕು’ ಎನ್ನುತ್ತಾರೆ. ಪೊಟ್ಟಣದ ಆಕಾರ ನೋಡಿ ಇದಕ್ಕೂ ಅದೇ ಹೆಸರು ಬಂತು.

ನಮ್ಮಲ್ಲಿ ಹಾಡಿನ ತವರುಮನೆ ಸಿನಿಮಾ. ಜಪಾನಿನಲ್ಲಿ ಹಾಗಲ್ಲ, ಹಾಡು ಸ್ವತಂತ್ರವಾಗಿ ಹುಟ್ಟುತ್ತದೆ. ಒಂದು ಮುಖ್ಯ ಹಾಡು, ಜೊತೆಗೆ ಇನ್ನೊಂದು, ಇದೇ ‘ಸಿಂಗಲ್’. ವಾರವಾರವೂ ಯಾವುದು ಎಷ್ಟು ಮಾರಾಟವಾಯಿತೆಂಬ ಪಟ್ಟಿಯನ್ನು ಓರಿಕಾನ್ ಸಂಸ್ಥೆ 1968ರಿಂದ ಪ್ರಕಟಿಸುತ್ತಿದೆ.

ಮಗಳ ಕೈಯಲ್ಲಿದ್ದದ್ದು ಉತಾದಾ ಹಿಕಾರು ಅವರ ‘ಆಟೊಮ್ಯಾಟಿಕ್’. 1998ರ ಡಿಸೆಂಬರ್ 9ರಂದು ಬಂದದ್ದು. ನ್ಯೂಯಾರ್ಕಿನಲ್ಲಿ ಹುಟ್ಟಿದ ಈ ಗಾಯಕಿಗೆ ಆಗ ಹದಿನೈದು ವರ್ಷ. ಸಾಹಿತ್ಯವೂ ಸ್ವರವೂ ಸ್ವಂತದ್ದೇ. ಮರುವರ್ಷದ ಮಾರ್ಚಿನಲ್ಲಿ ಬಂದ ‘ಫಸ್ಟ್ ಲವ್’ ಆಲ್ಬಂ ಜಪಾನಿನಲ್ಲಿ 70 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಅಲ್ಲಿ ಇಂದಿಗೂ ಅತಿ ಹೆಚ್ಚು ಮಾರಾಟವಾದ ಆಲ್ಬಂ ಅದೇ.

ಅಷ್ಟರಲ್ಲಿ ಕಿಟಕಿಯಾಚೆ ಇಚಿನೊಸೆಕಿ ಎಂಬ ನಿಲ್ದಾಣ ನಿಲ್ಲದೆ ಹಾದುಹೋಯಿತು. ‘ಇವರ ತಾಯಿ ಹುಟ್ಟಿದ್ದು ಇದೇ ಊರಿನಲ್ಲಿ’ ಎಂದಳು ಮಗಳು. ತಾಯಿ ಫುಜಿ ಕೆಯ್ಕೊ. 1969ರಲ್ಲಿ ಹಾಡಲು ಬಂದು, ಎಪ್ಪತ್ತರ ದಶಕದ ಆರಂಭದಲ್ಲಿ ಮನೆಮಾತಾದ ಎಂಕಾ ಗಾಯಕಿ. ಎಂಕಾ ಎಂದರೆ ವಿರಹ, ಊರಿನ ನೆನಪು, ಮುರಿದ ಬದುಕಿನ ಹಾಡು. ಅದರಲ್ಲಿ ಸ್ವರವನ್ನು ಅಲುಗಾಡಿಸಿ ತಿರುಗಿಸುವ ಕ್ರಮಕ್ಕೆ ಕೊಬುಷಿ ಎನ್ನುತ್ತಾರೆ; ಗಮಕ ಬಲ್ಲ ನಮ್ಮ ಕಿವಿಗೆ ಪರಕೀಯವೆನಿಸುವುದಿಲ್ಲ. ಇಬ್ಬರ ಹಾಡನ್ನೂ ಒಂದರ ಹಿಂದೊಂದು ಕೇಳಿದೆ. ತಾಯಿಯದು ಒಣಗಿದ ಗಂಟಲಿನ, ಆಸೆ ಬಿಟ್ಟ ದನಿ. ‘ಆಟೊಮ್ಯಾಟಿಕ್’ ಅಮೆರಿಕದ ತಾಳದಲ್ಲಿ ತೇಲುವ ಹಾಡು. ನನ್ನ ಓಟು ತಾಯಿಗೆ. ಆದರೂ ಎರಡರಲ್ಲೂ ಸಾಲಿನ ತುದಿಯಲ್ಲಿ ಉಸಿರು ನಡುಗುವ ರೀತಿ ಒಂದೇ ಅನ್ನಿಸಿತು. ಫುಜಿ ಕೆಯ್ಕೊ 2013ರಲ್ಲಿ ತೀರಿಕೊಂಡರು.

ಮೈಕು ಕೆಳಗಿಟ್ಟವಳು

ಮುಂದಿನ ಹಾಡು ರೈಲಿಗೇ ಸಂಬಂಧಿಸಿದ್ದು. ಯಾಮಾಗುಚಿ ಮೊಮೊಯೆ 1978ರ ನವೆಂಬರಿನಲ್ಲಿ ಹಾಡಿದ ‘ಈ ಹಿ ತಾಬಿದಾಚಿ’. ಒಳ್ಳೆಯ ದಿನ ನೋಡಿ ಪ್ರಯಾಣ ಹೊರಡುವುದು ಎಂದು ಅರ್ಥ. ಆಗಿನ ಜಪಾನ್ ರಾಷ್ಟ್ರೀಯ ರೈಲ್ವೆಯ ಪ್ರವಾಸ ಪ್ರಚಾರಕ್ಕಾಗಿ ಬಂದದ್ದು. ಜಾಹೀರಾತಿಗೆ ಹುಟ್ಟಿದ ಹಾಡೆಂದರೆ ನಾನು ಮೂಗು ಮುರಿಯುವವನು. ಆದರೆ ಇದರಲ್ಲಿ ‘ಬನ್ನಿ, ನೋಡಿ’ ಎಂಬ ಗದ್ದಲವೇ ಇಲ್ಲ. ಏನನ್ನೋ ಬಿಟ್ಟು ಹೊರಟವಳ ಗಾಂಭೀರ್ಯವಿದೆ. ಹಾಡಿದಾಗ ಆಕೆಗೆ ಹತ್ತೊಂಬತ್ತು. ದನಿಗೆ ಮೂವತ್ತಾದರೂ ಇರಬೇಕು.

ಮೊಮೊಯೆ ಹಾಡಲು ಬಂದದ್ದು 1973ರಲ್ಲಿ, ಹದಿನಾಲ್ಕನೆಯ ವಯಸ್ಸಿಗೆ. ಮೊದಮೊದಲ ಹಾಡುಗಳ ಮಾತು ವಯಸ್ಸಿಗೆ ಮೀರಿದ್ದೆಂಬ ಟೀಕೆ ಆಗಲೇ ಇತ್ತು. ಬರೆದವರು ದೊಡ್ಡವರು, ಹಾಡಿದ್ದು ಮಗು. ಇಪ್ಪತ್ತೊಂದಕ್ಕೆ, 1980ರ ಅಕ್ಟೋಬರ್ 5ರಂದು ಟೋಕಿಯೋದ ಬುಡೋಕಾನ್ ಸಭಾಂಗಣದಲ್ಲಿ ಕೊನೆಯ ಹಾಡು ಮುಗಿಸಿ, ಬಿಳಿಯ ಮೈಕನ್ನು ವೇದಿಕೆಯ ಮೇಲಿಟ್ಟು ಹೊರಟರು. ಮದುವೆಯಾದರು, ಮತ್ತೆ ವೇದಿಕೆಗೆ ಬರಲಿಲ್ಲ.

‘ಎಂಥ ನಷ್ಟ’ ಎಂದೆ.

‘ಯಾರಿಗೆ ನಷ್ಟ ಅಪ್ಪ? ಅವರ ನಿರ್ಧಾರ ಅವರದು’ ಎಂದಳು ಮಗಳು. ಹೊಸ ಆವೊಮೊರಿ ಬರುವವರೆಗೂ ವಾದ ಮುಗಿಯಲಿಲ್ಲ. ಅವಳೊಡನೆ ಹಾಡಿನ ಬಗ್ಗೆ ನಾನು ವಾದ ಮಾಡಿದ್ದು ಅದೇ ಮೊದಲು. ಹಿಂದೆ ಮಾಡಿದ್ದು ವಾದವಲ್ಲ, ತೀರ್ಪು.

ಇಲ್ಲದ ದಾರಿಯ ಹಾಡು

ಆವೊಮೊರಿ ನಿಲ್ದಾಣದ ಹತ್ತಿರವೇ ಬಂದರು. ಅಲ್ಲಿ ಹಕ್ಕೋಡಾ ಮಾರು ಎಂಬ ಹಳದಿ-ಬಿಳಿ ಬಣ್ಣದ ಹಡಗನ್ನು ವಸ್ತುಸಂಗ್ರಹಾಲಯವಾಗಿ ಕಟ್ಟಿನಿಲ್ಲಿಸಿದ್ದಾರೆ. ಹಿಂದೆ ರಾತ್ರಿ ರೈಲಿನಲ್ಲಿ ಟೋಕಿಯೋದಿಂದ ಬಂದವರು ಇಲ್ಲಿಳಿದು ಹಡಗು ಹತ್ತಿ ಹೊಕ್ಕಾಯ್ಡೊಗೆ ಹೋಗಬೇಕಿತ್ತು. ರೈಲಿನ ಡಬ್ಬಿಗಳೂ ಹಡಗಿನೊಳಗೇ ದಾಟುತ್ತಿದ್ದವು. 1954ರ ಚಂಡಮಾರುತದಲ್ಲಿ ತೋಯಾ ಮಾರು ಎಂಬ ಹಡಗು ಮುಳುಗಿ 1,100ಕ್ಕೂ ಹೆಚ್ಚು ಜನ ಸತ್ತರು. ಆ ಬಳಿಕ ಸಮುದ್ರದಡಿ ಸುರಂಗ ಬೇಕೆಂಬ ಮಾತು ಬಲವಾಯಿತು. ಅದೇ 53.85 ಕಿಲೋಮೀಟರ್ ಉದ್ದದ ಸೆಯ್ಕಾನ್ ಸುರಂಗ. 1988ರ ಮಾರ್ಚ್ 13ರಂದು ಸುರಂಗ ತೆರೆಯಿತು. ಅದೇ ದಿನ ಹಡಗು ನಿಂತಿತು.

ಆ ಹಡಗಿನ ದಾರಿಯದೇ ಹಾಡು ‘ತ್ಸುಗಾರು ಕಾಯ್ಕ್ಯೊ ಫುಯುಗೆಷಿಕಿ’, ಅಂದರೆ ತ್ಸುಗಾರು ಜಲಸಂಧಿಯ ಚಳಿಗಾಲದ ನೋಟ. 1977ರ ಜನವರಿ 1ರಂದು ಸಿಂಗಲ್ಲಾಗಿ ಬಂತು. ಸಾಹಿತ್ಯ ಆಕು ಯು, ಸಂಗೀತ ಮಿಕಿ ತಾಕಾಷಿ. ಹಾಡಿದ ಇಷಿಕಾವಾ ಸಾಯುರಿಗೆ ಆಗ ಹದಿನೆಂಟು. ಆಕೆಯ ಊರು ದೂರದ ದಕ್ಷಿಣದ ಕುಮಾಮೊತೊ. ಬೆಚ್ಚಗಿನ ಸೀಮೆಯ ಹುಡುಗಿ ಉತ್ತರದ ಹಿಮವನ್ನು ಹಾಡಿದಳು. ಉತ್ತರದವರು ಅದನ್ನು ತಮ್ಮದೆಂದೇ ಒಪ್ಪಿಕೊಂಡರು. ಡಿಸೆಂಬರ್ 31ರ ರಾತ್ರಿ ದೇಶವೇ ನೋಡುವ ಕೊಹಾಕು ಗಾಯನ ಕಾರ್ಯಕ್ರಮದಲ್ಲಿ ಆಕೆ ಇದನ್ನು ಎಷ್ಟೋ ವರ್ಷ ಹಾಡಿದ್ದಾರೆ.

ಮರುದಿನ ಹೊಸ ಆವೊಮೊರಿಯಿಂದ ಒಂದು ನಿಲ್ದಾಣ ಮುಂದೆ ಹೋಗಿ ಟ್ಯಾಕ್ಸಿ ಹಿಡಿದೆವು. ತಪ್ಪಿಯ ಕಡೆಗೆ ಹೋಗುತ್ತಿದ್ದ ಹಳೆಯ ರೈಲುಮಾರ್ಗದ ಕೊನೆಯ ಭಾಗ 2022ರ ಆಗಸ್ಟಿನ ಮಳೆಯಲ್ಲಿ ಹಾಳಾಗಿ ನಿಂತುಹೋಗಿದೆ.

ತಪ್ಪಿಯಲ್ಲಿ ಒಂದು ತಮಾಷೆಯ ರಾಷ್ಟ್ರೀಯ ಹೆದ್ದಾರಿಯಿದೆ. 339ನೆಯ ಸಂಖ್ಯೆಯ ಈ ಹೆದ್ದಾರಿ ಒಂದೆಡೆ 362 ಮೆಟ್ಟಿಲುಗಳಾಗಿಬಿಡುತ್ತದೆ. ವಾಹನ ಹೋಗುವಂತಿಲ್ಲ, ಕಾಲ್ನಡಿಗೆಯೇ ಗತಿ. ಏದುಸಿರು ಬಿಡುತ್ತ ಮೇಲೆ ಹತ್ತಿದರೆ ಸಮುದ್ರಕ್ಕೆ ಎದುರಾಗಿ ಆ ಕಲ್ಲು. ಹಾಡಿನಲ್ಲಿ ತಪ್ಪಿಯ ಹೆಸರು ಬರುವ ಚರಣವನ್ನು ಅದರ ಮೇಲೆ ಕೆತ್ತಿದ್ದಾರೆ. ನಡುವೆ ಒಂದು ಗುಂಡಿ.

ಮಗಳು ಒತ್ತಿದಳು. ಬೆಚ್ಚಿಬಿದ್ದೆ, ಅಷ್ಟು ಜೋರು! ಬೀಸುವ ಗಾಳಿಯನ್ನು ಸೀಳಿಕೊಂಡು ಹಾಡು ಹೊರಟಿತು. ಪ್ರೀತಿ ಮುರಿದುಬಿದ್ದು ಒಂಟಿಯಾಗಿ ಊರಿಗೆ ಮರಳುವ ಹೆಣ್ಣಿನ ಕಥೆ ಎಂದು ಮಗಳು ನನ್ನ ಕಿವಿಯ ಹತ್ತಿರ ಬಾಯಿಟ್ಟು ಹೇಳಬೇಕಾಯಿತು. ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸೊಬ್ಬರು ತುಟಿಯಲ್ಲೇ ಜೊತೆಗೂಡಿದರು. ಹಾಡಿನ ರಾತ್ರಿ ರೈಲು ಈಗಿಲ್ಲ, ಹಡಗಂತೂ ಇಲ್ಲವೇ ಇಲ್ಲ. ಆ ದಾರಿ ಉಳಿದಿರುವುದು ಹಾಡಿನಲ್ಲಿ ಮಾತ್ರ. ಸುರಂಗ ತೋಡುವಾಗ ಸತ್ತ 34 ಮಂದಿಯ ಸ್ಮಾರಕವೂ ಇದೇ ತಪ್ಪಿಯಲ್ಲಿದೆ. ಅದರ ಮುಂದೆ ಸ್ವಲ್ಪ ಹೊತ್ತು ನಿಂತಿದ್ದೆವು.

ಆ ಹಾಡು ಹಾಕು

ಹಿಂದಿರುಗುವಾಗ ನಿಲ್ದಾಣದ ಬೆಂಚಿನ ಮೇಲೆ ಕೂತು, ‘ಪುಟ್ಟೀ, ಆ ಹಾಡು ಹಾಕು’ ಎಂದೆ.

‘ಯಾವುದು?’

‘ಸಾಕು, ಸುಮ್ನಿರಿ ಅನ್ನೋದು.’

ಅವಳು ನನ್ನ ಮುಖ ನೋಡಿದಳು. ಆಮೇಲೆ ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕೈಗಿಟ್ಟಳು.

‘ಉಸ್ಸೇವಾ’ ಅಡೊ ಎಂಬ ಗಾಯಕಿಯದು. 2020ರ ಅಕ್ಟೋಬರ್ 23ರಂದು, ಆಕೆಗೆ ಹದಿನೆಂಟು ತುಂಬುವ ಹಿಂದಿನ ದಿನ ಬಂದದ್ದು. ಡಿಸ್ಕು ಇಲ್ಲ, ಇಂಟರ್‌ನೆಟ್ಟಿನಲ್ಲೇ ಬಿಡುಗಡೆ. ಗಾಯಕಿ ಮುಖ ತೋರಿಸುವುದಿಲ್ಲ. ಆ ಜಾಗದಲ್ಲಿ ಒಂದು ಚಿತ್ರವಿರುತ್ತದೆ. ಮಕ್ಕಳು ಮನೆಯಲ್ಲಿ ಈ ಪದ ಹೇಳಿಕೊಂಡು ತಿರುಗುತ್ತಾರಲ್ಲ ಎಂದು ಜಪಾನಿನ ತಂದೆತಾಯಿಗಳೂ ಕಳವಳಪಟ್ಟರಂತೆ. ಅದನ್ನು ಕೇಳಿ ನನಗೆ ಒಂಚೂರು ಸಮಾಧಾನವಾಯಿತು. 2024ರ ಏಪ್ರಿಲಿನಲ್ಲಿ ಟೋಕಿಯೋದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಆಕೆಯ ಕಾರ್ಯಕ್ರಮ ನಡೆಯಿತು. ಅಲ್ಲಿ ಒಂಟಿಯಾಗಿ ಕಾರ್ಯಕ್ರಮ ಕೊಟ್ಟ ಮೊದಲ ಗಾಯಕಿ ಆಕೆ.

ಮಗಳು ಸಾಲುಸಾಲಾಗಿ ಅರ್ಥ ಹೇಳಿದಳು. ಚಿಕ್ಕಂದಿನಿಂದ ಹೇಳಿದ ಮಾತು ಕೇಳಿ, ಒಳ್ಳೆಯವಳೆನಿಸಿಕೊಂಡು, ಕೊನೆಗೆ ದೊಡ್ಡವರ ಕಟ್ಟಳೆಗಳಿಗೆ ಬೇಸತ್ತ ಜೀವ ಮಾತಾಡುವ ಹಾಡು ಅದು. ನನ್ನ ಅಭಿಪ್ರಾಯ ಇಷ್ಟು: ಹಾಡು ಈಗಲೂ ನನ್ನ ಕಿವಿಗೆ ಒಗ್ಗಲಿಲ್ಲ. ವಾದ್ಯಗಳು ಮೈಮೇಲೆ ಬೀಳುತ್ತವೆ. ಮೊಮೊಯೆಗೆ ಬರೆದಂತೆ ಇದನ್ನೂ ಇನ್ನೊಬ್ಬರು ಬರೆದುಕೊಟ್ಟದ್ದೇ. ಆದರೆ ಆ ದನಿ ಒಮ್ಮೆ ಗುಡುಗಿ, ಒಮ್ಮೆ ಕೀರಲಾಗಿ, ಒಂದೇ ಉಸಿರಿನಲ್ಲಿ ಮತ್ತೆ ತಗ್ಗುವುದನ್ನು ಕಂಡರೆ ಅಭ್ಯಾಸ ಬಲ್ಲ ಯಾರಾದರೂ ತಲೆದೂಗಲೇಬೇಕು. ಅದನ್ನು ಗದ್ದಲವೆಂದು ನಾನು ಮತ್ತೆ ಹೇಳಲಾರೆ.

ಹುಡುಗನಾಗಿದ್ದಾಗ ನಾನು ಸಿನಿಮಾ ಹಾಡು ಹಾಕಿದರೆ ನಮ್ಮಪ್ಪ ಬಂದು ರೇಡಿಯೋ ಆರಿಸುತ್ತಿದ್ದರು. ಅವರನ್ನು ಒರಟರೆಂದುಕೊಂಡಿದ್ದವನು ನಾನೇ ಹೆಡ್‌ಫೋನಿಗೆ ಬೀಗ ಹಾಕಿದೆ. ಮನೆಯಲ್ಲಿ ಅರ್ಥವಾಗದ ಹಾಡು ಕೇಳಿಬಂದರೆ ಅರ್ಥ ಕೇಳಿ, ತಪ್ಪಿಲ್ಲ. ಉತ್ತರ ಮುಗಿಯುವವರೆಗೆ ಕಾಯುವ ತಾಳ್ಮೆಯೂ ಇರಲಿ. ನನಗಂತೂ ಆ ಉತ್ತರ ಪೂರ್ತಿ ಕೇಳಲು ತಪ್ಪಿಯವರೆಗೂ ಹೋಗಬೇಕಾಯಿತು.