ಗಾಯೋಲೆಯ ಬೈಸಿಕಲ್ ಸಂತೆ

ಇಟಲಿ ದೇಶದ ಟಸ್ಕನಿ ಪ್ರಾಂತದಲ್ಲಿ, ಸಿಯೆನಾ ನಗರಕ್ಕೆ ಈಶಾನ್ಯದಲ್ಲಿ, ಗಾಯೋಲೆ ಎಂಬುದೊಂದು ಸಣ್ಣ ಊರು. ಸುತ್ತಲೂ ಕಿಯಾಂತಿಯ ಗುಡ್ಡಗಳು. ಅವುಗಳ ಇಳಿಜಾರಿನಲ್ಲಿ ದ್ರಾಕ್ಷಿಯ ತೋಟಗಳು, ಆಲಿವ್ ಮರಗಳು, ಸ್ತಂಭಗಳಂತೆ ನೆಟ್ಟಗೆ ನಿಂತ ಸೈಪ್ರೆಸ್ ವೃಕ್ಷಗಳು. ನಮ್ಮ ಮಗಳೂ ಅಳಿಯಂದಿರೂ ಕೆಲವು ವರ್ಷಗಳಿಂದ ಫ್ಲಾರೆನ್ಸ್ ನಗರದಲ್ಲಿ ವಾಸವಾಗಿರುವರಾದುದರಿಂದ, ಉಪಾಧ್ಯಾಯ ವೃತ್ತಿಯಿಂದ ನಿವೃತ್ತರಾದಮೇಲೆ ಆ ದೇಶವನ್ನು ಒಮ್ಮೆ ನೋಡುವ ಯೋಗವು ನಮಗೆ ಒದಗಿತು. ಅಕ್ಟೋಬರ್ ತಿಂಗಳ ಮೊದಲ ಶನಿವಾರ ಅಳಿಯಂದಿರು, "ಮಾವನವರೇ, ಗಾಯೋಲೆಯಲ್ಲಿ ಹಳೆಯ ಬೈಸಿಕಲ್ಲುಗಳ ಸಂತೆಯಿದೆ. ನನಗೊಂದು ಬೇಕು, ತಾವೂ ಬನ್ನಿ" ಎಂದರು. ಹೊರಟೆವು.

ಈ ಸಂತೆಯ ಹಿನ್ನೆಲೆಯನ್ನು ಮೊದಲು ಹೇಳಬೇಕು. ಆ ಸೀಮೆಯ ಗುಡ್ಡಗಳಲ್ಲಿ ಡಾಂಬರು ಕಾಣದ ಬಿಳಿಯ ಜಲ್ಲಿಯ ರಸ್ತೆಗಳುಂಟು. ಅವು ಅಳಿದುಹೋಗಬಾರದೆಂಬ ಹಂಬಲದಿಂದ ಜಾನ್‌ಕಾರ್ಲೊ ಬ್ರೋಚಿ ಎಂಬವರು 1997ರಲ್ಲಿ "ಲೆರೋಯಿಕಾ", ಅಂದರೆ "ವೀರೋಚಿತವಾದುದು", ಎಂಬ ಹೆಸರಿನ ಸವಾರಿಯೊಂದನ್ನು ಆರಂಭಿಸಿದರು. ಆ ಮೊದಲ ವರ್ಷ ಸೇರಿದವರು 92 ಮಂದಿ; ಈಗ ಸಾವಿರಗಟ್ಟಲೆ ಜನ ದೇಶದೇಶಗಳಿಂದ ಬರುತ್ತಾರೆ. ಅತಿ ದೀರ್ಘವಾದ ದಾರಿ 200 ಕಿಲೋಮೀಟರಿಗೂ ಮಿಕ್ಕಿದುದು. ಅದನ್ನು ಹಿಡಿದವರು ಬೆಳಗಾಗುವ ಮುನ್ನವೇ ಹೊರಟು, ದೀಪಗಳಿಟ್ಟ ದಾರಿಯಲ್ಲಿ ಬ್ರೋಲಿಯೊ ಕೋಟೆಯ ಗುಡ್ಡವನ್ನು ಏರುವರು. ಇದು ಯಾರು ಮೊದಲೆಂಬ ಪಂದ್ಯವಲ್ಲ. ಆದರೆ ನಿಯಮ ಕಟ್ಟುನಿಟ್ಟು: ಬೈಸಿಕಲ್ಲು ಹಿಂದಿನ ಕಾಲದ ಉಕ್ಕಿನ ಪಂದ್ಯದ ಗಾಡಿಯಾಗಿರಬೇಕು, ಸಾಮಾನ್ಯವಾಗಿ 1987ಕ್ಕೆ ಮುಂಚಿನದು, ಗೇರು ಬದಲಿಸುವ ಸನ್ನೆಗಳು ಫ್ರೇಮಿನ ಕೆಳಗಣ ಕೊಳವೆಯ ಮೇಲಿರಬೇಕು, ಬ್ರೇಕಿನ ತಂತಿಗಳು ಹ್ಯಾಂಡಲಿನ ಹೊರಗೆ ಹಾದಿರಬೇಕು, ಪೆಡಲುಗಳಿಗೆ ಪಾದ ಬಿಗಿಯುವ ಪಟ್ಟಿಗಳಿರಬೇಕು. ಇಷ್ಟು ಲಕ್ಷಣಗಳು ಕೂಡಿದ ಗಾಡಿಗೆ ಗಿರಾಕಿ ಹೆಚ್ಚು. ಅಂದಮೇಲೆ ಬೆಲೆಯೂ ಹೆಚ್ಚೆಂದು ಬೇರೆ ಹೇಳಬೇಕೆ?

ಸಂತೆಯಲ್ಲಿ ಮೇಜುಗಳ ಮೇಲೆ ತುಂಬ ಕ್ರ್ಯಾಂಕುಗಳು, ಹಬ್ಬುಗಳು, ಚರ್ಮದ ಸೀಟುಗಳು, ಉಣ್ಣೆಯ ಅಂಗಿಗಳು. ಅವುಗಳ ನಡುವೆ ಒಬ್ಬ ವೃದ್ಧೆ ಒಂದೇ ಒಂದು ಬೈಸಿಕಲ್ಲನ್ನು ಗೋಡೆಗೆ ಒರಗಿಸಿಕೊಂಡು ಕುಳಿತಿದ್ದಳು. ಅದು ಬಿಯಾಂಕಿ. 1885ರಲ್ಲಿ ಮಿಲಾನಿನಲ್ಲಿ ಆರಂಭವಾದ ಆ ಕಾರ್ಖಾನೆಯ ಗಾಡಿಗಳಿಗೆ ಆಕಾಶದ ನೀಲಿಗೂ ಪಚ್ಚೆಗೂ ನಡುವಣ ಒಂದು ಬಣ್ಣವುಂಟು. ದೂರದಿಂದಲೇ ಗುರುತು ಹತ್ತುವುದು. ಬೆಲೆ ಕೇಳಿದೆವು. ಆಕೆ 250 ಯೂರೋ ಎಂದಳು.

ಅಳಿಯಂದಿರು ಪರೀಕ್ಷೆಗೆ ತೊಡಗಿದರು. ನಾವು ಪಕ್ಕದಲ್ಲಿ ನಿಂತು ಶಿಷ್ಯನಂತೆ ಕಲಿತೆವು. ಕಲಿತುದನ್ನು ವಾಚಕರಿಗೆ ಹೇಳುವುದು ಉಚಿತವೇ ಸರಿ.

ಮೊದಲು ನೋಡಬೇಕಾದುದು ಫ್ರೇಮು. ಬಿಡಿ ಭಾಗಗಳನ್ನು ಬದಲಿಸಬಹುದು, ಸೊಟ್ಟಾದ ಫ್ರೇಮನ್ನು ನೆಟ್ಟಗಾಗಿಸುವುದು ಕಷ್ಟ. ಹ್ಯಾಂಡಲಿನ ಕೆಳಗೆ, ಮುಂದಣ ಕೊಳವೆಗೆ ಉಳಿದೆರಡು ಕೊಳವೆಗಳು ಸೇರುವ ಸ್ಥಳದ ಹಿಂದೆಯೇ, ಅಡಿಯಿಂದ ಬೆರಳಾಡಿಸಬೇಕು. ಅಲ್ಲಿ ಉಬ್ಬಾಗಲಿ, ಬಣ್ಣದ ಸುಕ್ಕಾಗಲಿ ಸಿಕ್ಕಿದರೆ, ಗಾಡಿಯು ಹಿಂದೆಂದೋ ಏನಕ್ಕೋ ಎದುರಾಗಿ ಹೊಡೆದಿದೆಯೆಂದು ತಿಳಿಯಬೇಕು. ಆಮೇಲೆ ದಾರದ ಪರೀಕ್ಷೆ: ಹಿಂದಿನ ಚಕ್ರ ಕೂರುವ ಎಡಗಡೆಯ ತುದಿಗೆ ದಾರ ಕಟ್ಟಿ, ಮುಂದಣ ಕೊಳವೆಯನ್ನು ಬಳಸಿ, ಬಲಗಡೆಯ ತುದಿಗೆ ತಂದು ಬಿಗಿಯುವುದು, ಸೀಟಿನ ಕೊಳವೆಗೂ ದಾರಕ್ಕೂ ಇರುವ ಅಂತರವನ್ನು ಎರಡು ಪಾರ್ಶ್ವದಲ್ಲೂ ಅಳೆಯುವುದು. ಅಳತೆ ಸಮವಾದರೆ ಫ್ರೇಮು ನೆಟ್ಟಗಿದೆ. ಅರ್ಧ ಕಾಸಿನ ದಾರ ಮಾಡುವ ಈ ನ್ಯಾಯವಿಚಾರಣೆ ನಮಗೆ ಬಹಳ ಹಿಡಿಸಿತು.

ಎರಡನೆಯದು ಸೀಟಿನ ಕಂಬ. ಅದು ಸಡಿಲವಾಗಿ ಹೊರಬರಬೇಕು. ಉಕ್ಕಿನೊಳಗೆ ಅಲ್ಯೂಮಿನಿಯಂ ವರ್ಷಾನುಗಟ್ಟಲೆ ಕೂತರೆ ತುಕ್ಕಿನಿಂದ ಒಂದಾಗಿಬಿಡುವುದುಂಟು. ಕಂಬದ ವ್ಯಾಸವೂ ಸಾಕ್ಷಿ ನುಡಿಯುತ್ತದೆ: ಆ ಕಾಲದ ಇಟಲಿಯ ಗಾಡಿಗಳಲ್ಲಿ 27.2 ಮಿಲಿಮೀಟರ್ ಎಂದರೆ ಸಾಮಾನ್ಯವಾಗಿ ತೆಳುಗೋಡೆಯ ಉತ್ತಮ ಕೊಳವೆ. ಅದಕ್ಕಿಂತ ಸಣ್ಣದಾದರೆ ಗೋಡೆ ದಪ್ಪ, ಗಾಡಿ ಭಾರ, ಬೆಲೆ ಕಡಿಮೆ. ಇದು 27.2.

ಮೂರನೆಯದು ವಯಸ್ಸು. ಕಂಪನ್ಯೋಲೋ ಕಾರ್ಖಾನೆಯ ಆ ಕಾಲದ ಉತ್ತಮ ಕ್ರ್ಯಾಂಕಿನ ಹಿಂಬದಿಯಲ್ಲಿ ಒಂದು ಸಣ್ಣ ಗುರುತಿರುವುದು. ವಜ್ರಾಕಾರದ ಒಳಗೆ ಅಂಕೆಯಿದ್ದರೆ 1970ರ ದಶಕ, ವೃತ್ತದೊಳಗಿದ್ದರೆ 1980ರ ದಶಕ. ಇಲ್ಲಿ ವಜ್ರದೊಳಗೆ 5 ಇತ್ತು, ಅಂದರೆ 1975. ಎಡದ ಕ್ರ್ಯಾಂಕು, ಬಲದ ಕ್ರ್ಯಾಂಕು, ಗೇರು, ಹಬ್ಬು ಎಲ್ಲವೂ ಹೆಚ್ಚುಕಡಿಮೆ ಒಂದೇ ಕಾಲದವಾದರೆ ಗಾಡಿ ಹುಟ್ಟಿದಂತೆಯೇ ಉಳಿದಿದೆಯೆಂದು ಅರ್ಥ.

ಕೊನೆಯದು ಸವಕಳಿ. ಹೊಸ ಚೈನಿನ 24 ಕೊಂಡಿಗಳು ಸರಿಯಾಗಿ 12 ಅಂಗುಲ ಬರುವುವು. ಒಂದು ಅಂಗುಲದ ಎಂಟನೆಯ ಒಂದು ಭಾಗ ಹೆಚ್ಚು ಬಂದರೆ ಚೈನು ಮಾತ್ರವಲ್ಲ, ಫ್ರೀವೀಲಿನ ಹಲ್ಲುಗಳೂ ಸವೆದಿರುವುವು.

ಈ ಗಾಡಿಯ ದೋಷಗಳು ಇಷ್ಟೆ: ಟೈರುಗಳು ಬಿರಿದಿದ್ದುವು, ತಂತಿಗಳು ತುಕ್ಕು, ಚೈನು ಸವೆದಿತ್ತು, ಹಿಂದಿನ ರಿಮ್ಮು ಈಚಿನದು. ಲೆಕ್ಕವನ್ನು ನಾವೇ ಮಾಡಿದೆವು. ಪಕ್ಕದ ಅಂಗಡಿಯಲ್ಲಿ ಇಂಥದೇ ಗಾಡಿಗೆ 900 ಯೂರೋ ಎಂದು ಚೀಟಿ ಅಂಟಿಸಿದ್ದರು. ಆದರೆ ಚೀಟಿಯ ಬೆಲೆ ಮಾರಾಟದ ಬೆಲೆಯಲ್ಲ. 800ಕ್ಕೆ ಹೋದೀತೆಂದು ಅಳಿಯಂದಿರ ಮತ. ಅದರಲ್ಲಿ ರಿಪೇರಿಗೆ 120, ಬೇರೆಯ ರಿಮ್ಮಿಗಾಗಿ 80 ಕಳೆದರೆ 600 ಉಳಿಯಿತು. ಆಕೆ ಕೇಳಿದುದು 250.

ಅಳಿಯಂದಿರ ಕಣ್ಣು ಹೊಳೆಯಿತು. "ಮಾವನವರೇ, ಬೇರೆಯವರು ನೋಡುವುದಕ್ಕೆ ಮೊದಲು ಹಣ ಕೊಟ್ಟುಬಿಡೋಣ" ಎಂದು ಮೆಲ್ಲಗೆ ಅಂದರು. ನಮಗೆ ಮಾತು ಹೊರಡಲಿಲ್ಲ.

ಕಾರಣವನ್ನು ಹೇಳಿಬಿಡುತ್ತೇವೆ. 1990ರಲ್ಲಿ ನಾವು ಮಲೆನಾಡಿನ ಹಳ್ಳಿಯೊಂದರಲ್ಲಿ ಹೊಸದಾಗಿ ಉಪಾಧ್ಯಾಯರಾಗಿದ್ದೆವು. ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ತೀರಿಕೊಂಡರು. ಅವರಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ ರ್‍ಯಾಲಿ ಬೈಸಿಕಲ್ಲೊಂದಿತ್ತು. ಪ್ರತಿ ಭಾನುವಾರ ಎಣ್ಣೆಹಾಕಿ ಒರೆಸುತ್ತಿದ್ದರು. ಅವರ ಹೆಂಡತಿ ನಮ್ಮನ್ನು ಕರೆಸಿ, "ಮೇಷ್ಟ್ರೇ, ನನಗೆ ಇದೆಲ್ಲ ತಿಳಿಯದು. ನೀವೇ ಒಂದು ಬೆಲೆ ಕಟ್ಟಿ" ಎಂದರು. ನಾವು 150 ರೂಪಾಯಿ ಎಂದೆವು. ಆಕೆ ಮರುಮಾತಿಲ್ಲದೆ ಒಪ್ಪಿ, ಗಾಳಿ ಹೊಡೆಯುವ ಪಂಪನ್ನೂ ಕೈಗಿತ್ತರು. ಮರುವರ್ಷ ಅದನ್ನು ಮೈಸೂರಿನಲ್ಲಿ 700 ರೂಪಾಯಿಗೆ ಮಾರಿದೆವು. 150 ಎಂದಾಗ ಅದು ಕಡಿಮೆಯೆಂಬುದು ನಮಗೆ ಗೊತ್ತಿತ್ತು.

ನಾವು ಜೀವಮಾನವೆಲ್ಲ ಸಂಸ್ಕೃತ ಪಾಠ ಹೇಳಿದವರು. ಧರ್ಮಶಾಸ್ತ್ರದ ಹದಿನೆಂಟು ವ್ಯವಹಾರಪದಗಳಲ್ಲಿ "ಕ್ರಯವಿಕ್ರಯಾನುಶಯ" ಎಂಬುದೊಂದು. ಕೊಂಡುದಕ್ಕೆ, ಮಾರಿದುದಕ್ಕೆ ಪಶ್ಚಾತ್ತಾಪಪಡುವುದೆಂದು ಅರ್ಥ. ಅನುಶಯವುಳ್ಳವನು ಹತ್ತು ದಿನಗಳೊಳಗೆ ವಸ್ತುವನ್ನು ಹಿಂದಿರುಗಿಸಬಹುದು, ಹಿಂದೆಗೆದುಕೊಳ್ಳಬಹುದು ಎಂಬುದು ಮನುವಿನ ವಿಧಿ. ಯಾಜ್ಞವಲ್ಕ್ಯರಾದರೋ ಪದಾರ್ಥಕ್ಕೊಂದು ಪರೀಕ್ಷೆಯ ಅವಧಿಯನ್ನು ಇಟ್ಟಿದ್ದಾರೆ: ಲೋಹಕ್ಕೆ ಒಂದು ದಿನ, ಭಾರ ಹೊರುವ ಪ್ರಾಣಿಗೆ ಐದು ದಿನ. ನಮ್ಮ ಕಲ್ಯಾಣದಲ್ಲಿ ಚಾಲುಕ್ಯರ ಆಶ್ರಯದಲ್ಲಿದ್ದ ವಿಜ್ಞಾನೇಶ್ವರರು ಮಿತಾಕ್ಷರೆಯನ್ನು ಬರೆದುದು ಈ ಸ್ಮೃತಿಗೇ. ಬೈಸಿಕಲ್ಲನ್ನು ಲೋಹವೆನ್ನಬೇಕೋ ವಾಹನವೆನ್ನಬೇಕೋ ಎಂದು ತರಗತಿಯಲ್ಲಿ ಹುಡುಗರನ್ನು ಕೇಳಿ ನಗಿಸಿದ್ದೂ ಉಂಟು. ಆ ನಗುವಿನ ನಡುವೆ ರ್‍ಯಾಲಿಯ ನೆನಪು ಪ್ರತಿವರ್ಷವೂ ಬರುತ್ತಿತ್ತು. ಅವಧಿಗಳೆಲ್ಲ ಕೊಳ್ಳುವವನು ವಸ್ತುವನ್ನು ಅರಿತುಕೊಳ್ಳುವುದಕ್ಕೆ. ಅರಿತೂ ಸುಮ್ಮನಿದ್ದವನಿಗೆ ಯಾವ ಅವಧಿ?

ಅಳಿಯಂದಿರನ್ನು ಬದಿಗೆ ಕರೆದು ಇಷ್ಟನ್ನೂ ಹೇಳಿದೆವು. ಅವರು ಬಹಳ ಹೊತ್ತು ಬೈಸಿಕಲ್ಲನ್ನು ನೋಡುತ್ತ ನಿಂತರು. ಆಮೇಲೆ ತಾವೇ ನಮ್ಮ ಮಗಳಿಗೆ, "ಇದು 600 ಬಾಳುತ್ತದೆಂದು ಅಜ್ಜಿಗೆ ಹೇಳು" ಎಂದರು. ಮಗಳು ಇಟಾಲಿಯನ್ ಭಾಷೆಯಲ್ಲಿ ಲೆಕ್ಕವನ್ನೆಲ್ಲ ವಿವರಿಸಿದಳು. ವೃದ್ಧೆಗೆ ಮೊದಲು ಸಂಶಯವೇ ಬಂದಿತು. ಹೆಚ್ಚು ಕೊಡುತ್ತೇವೆನ್ನುವ ಗಿರಾಕಿಯನ್ನು ಯಾರು ನಂಬುವರು? ಪಕ್ಕದ ಅಂಗಡಿಯ ಮುದುಕನನ್ನು ಕರೆದು ಕೇಳಿ, ಆತ ಹೌದೆಂದಮೇಲೆ ನಕ್ಕಳು. ಗಾಡಿ ಆಕೆಯ ಗಂಡನದು. ಮಾರಬೇಡವೆಂದು ಆತ ಹೇಳಿರಲಿಲ್ಲವಂತೆ. ಗೋಡೆಗೆ ತೂಗುಹಾಕಬೇಡವೆಂದು ಮಾತ್ರ ಹೇಳಿದ್ದನಂತೆ. "ಓಡಿಸುವುದಾದರೆ 500 ಸಾಕು, ಉಳಿದುದಕ್ಕೆ ಟೈರು ಹಾಕಿಸಿ" ಎಂದು 100 ಯೂರೋಗಳನ್ನು ಹಿಂದಕ್ಕೆ ಕೊಟ್ಟಳು.

ಹಿಂದಿರುಗುವಾಗ ದಾರಿಯುದ್ದಕ್ಕೂ ಅಳಿಯಂದಿರು ಮೌನವಾಗಿದ್ದರು. ಊರು ಸಮೀಪಿಸಿದಾಗ, "ಮಾವನವರೇ, ಧರ್ಮಶಾಸ್ತ್ರ ತಮ್ಮದು, ಹಣ ನನ್ನದು" ಎಂದರು. ಮಾತು ನಿಜ. ಹೆಚ್ಚಾದ 250 ಯೂರೋಗಳಲ್ಲಿ ಅರ್ಧವನ್ನು ನಾವು ಕೊಡುತ್ತೇವೆಂದೆವು, ಅವರು ತೆಗೆದುಕೊಳ್ಳಲಿಲ್ಲ. ಪರರ ಹಣದಲ್ಲಿ ಪುಣ್ಯ ಮಾಡಿದರೆ ಸ್ವಂತ ಸಾಲ ತೀರುವುದಿಲ್ಲವೆಂಬುದು ಆ ರಾತ್ರಿ ನಮಗೆ ಚೆನ್ನಾಗಿ ಮನದಟ್ಟಾಯಿತು.

ಊರಿಗೆ ಬಂದೊಡನೆ ವಿಚಾರಿಸಿದೆವು. ಆ ತಾಯಿ ತೀರಿಹೋಗಿ ಬಹಳ ವರ್ಷಗಳಾದುವು. ಅವರ ಮಗಳು ಸಾಗರದಲ್ಲಿರುವರೆಂದು ತಿಳಿದು, ನಡೆದುದನ್ನೆಲ್ಲ ಮರೆಮಾಚದೆ ಕಾಗದ ಬರೆದಿದ್ದೇವೆ. ಎಷ್ಟು ಹಣ ಸಲ್ಲಬೇಕೆಂಬುದನ್ನು ಮಾತ್ರ ನಾವು ಬರೆಯಲಿಲ್ಲ. ಈ ಸಲ ಬೆಲೆಯನ್ನು ಅವರೇ ಕಟ್ಟಲಿ ಎಂದಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.