ವಾಡಿ ಜಂಕ್ಷನ್‌ನಿಂದ ದುಬೈವರೆಗೆ: ಟಿಕೆಟ್‌ಗಿಂತ ಮೊದಲು ಕಾಗದ ನೋಡಿ

ಕಲಬುರಗಿಯಿಂದ ರೈಲು ಹತ್ತಿ ಶಹಾಬಾದ್ ಕಡೆ ಹೊರಟರೆ ಊರು ಹತ್ತಿರ ಬಂದಿದ್ದು ಬೋರ್ಡ್ ನೋಡದೆಯೂ ಗೊತ್ತಾಗುತ್ತೆ. ಎಲ್ಲಿ ನೋಡಿದರೂ ಫರ್ಸಿ ಕಲ್ಲು. ನಿಮ್ಮ ಅಜ್ಜಿ ಮನೆ ಅಂಗಳಕ್ಕೆ ಹಾಸಿದ್ದ ಬೂದು ಬಣ್ಣದ ತಂಪು ಕಲ್ಲು ಇಲ್ಲಿಂದಲೇ ಬಂದಿರಬಹುದು.

ಮುಂದಿನ ದೊಡ್ಡ ನಿಲ್ದಾಣ ವಾಡಿ. ಸಿಮೆಂಟಿನ ಊರು, ಹಳಿಗಳ ಊರು. ಮುಂಬೈ ಕಡೆಯಿಂದ ಬಂದ ದಾರಿ ಇಲ್ಲಿ ಎರಡಾಗುತ್ತೆ. ಒಂದು ರಾಯಚೂರು ದಾಟಿ ಚೆನ್ನೈಗೆ, ಇನ್ನೊಂದು ಚಿತ್ತಾಪುರ, ಸೇಡಂ ಮೇಲೆ ಹೈದರಾಬಾದ್‌ಗೆ. ಈ ಎರಡನೇ ಹಳಿ ನಿಜಾಮರ ಕಾಲದ್ದು, 1874ರಲ್ಲಿ ಶುರುವಾಗಿದ್ದು. ಈ ಭಾಗದ ಮಂದಿಗೆ ಬೆಂಗಳೂರಿಗಿಂತ ಹೈದರಾಬಾದ್ ಯಾಕೆ ಹತ್ತಿರ ಅನ್ನೋದು ಈ ಹಳಿ ನೋಡಿದರೆ ತಿಳಿಯುತ್ತೆ. ಆಸ್ಪತ್ರೆಗೂ ಅಲ್ಲಿಗೇ, ಮದುವೆ ಬಟ್ಟೆಗೂ ಅಲ್ಲಿಗೇ. ವಿದೇಶಕ್ಕೆ ಹಾರುವವರೂ ಬಹಳ ಮಂದಿ ಅಲ್ಲಿಂದಲೇ.

ಚಿತ್ತಾಪುರ ದಾಟಿದರೆ ಎರಡೂ ಕಡೆ ತೊಗರಿ ಹೊಲ. ಆಮೇಲೆ ಕಾಗಿಣಾ ನದಿ ದಂಡೆಯ ಮಳಖೇಡ. ಇದು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಅಮೋಘವರ್ಷ ಆಳಿದ ಊರು. ಸುಲೈಮಾನ್ ಎಂಬ ಅರಬ್ ವ್ಯಾಪಾರಿಯ ಹೆಸರಿನಲ್ಲಿರುವ ಕ್ರಿ.ಶ. 851ರ ಬರಹ, ಜಗತ್ತಿನ ನಾಲ್ಕು ದೊಡ್ಡ ರಾಜರಲ್ಲಿ ಇಲ್ಲಿನ ದೊರೆಯೂ ಒಬ್ಬ ಅನ್ನುತ್ತೆ. ಅರಬರು ಅವನನ್ನು ಕರೆದದ್ದು ‘ಬಲ್ಹರಾ’ ಅಂತ. ಆಗ ಅರಬರು ನಮ್ಮ ರಾಜನ ಕೀರ್ತಿಯನ್ನು ತಮ್ಮೂರಿಗೆ ಒಯ್ದಿದ್ದರು. ಈಗ ನಮ್ಮ ಹುಡುಗರು ಕೆಲಸ ಹುಡುಕಿಕೊಂಡು ಅವರ ಊರಿಗೆ ಹೋಗುತ್ತಾರೆ.

ಸೇಡಂನಲ್ಲಿ ಕೆಲಸವೇ ಇಲ್ಲ ಅಂತಲ್ಲ, ಸುತ್ತ ಸಿಮೆಂಟ್ ಕಾರ್ಖಾನೆಗಳಿವೆ. ಆದರೆ ಕಾಯಂ ಕೆಲಸ ಸಿಗೋದು ಕೆಲವರಿಗೆ, ಉಳಿದವರಿಗೆ ಗುತ್ತಿಗೆ. ಮಳೆ ಕೈಕೊಟ್ಟ ವರ್ಷ ತೊಗರಿಯೂ ಕೈಕೊಡುತ್ತೆ. ಬಸ್ ಸ್ಟ್ಯಾಂಡ್ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಪಾಸ್‌ಪೋರ್ಟ್ ನಕಲು ಮಾಡಿಸುತ್ತಿದ್ದ ಹುಡುಗನೊಬ್ಬ ಮಾತಿಗೆ ಸಿಕ್ಕ. ಐಟಿಐ ಎಲೆಕ್ಟ್ರಿಷಿಯನ್.

“ದುಬೈದಾಗ ಕೆಲಸ ಅದರಿ ಅಣ್ಣಾ. ಸದ್ಯ ವಿಸಿಟ್ ವೀಸಾದ ಮ್ಯಾಲೆ ಹೋಗು, ಅಲ್ಲಿ ಹೋದಮ್ಯಾಲೆ ಬದಲಿ ಮಾಡಿಸ್ತೀವಿ ಅಂದಾರ.”

“ರೊಕ್ಕ ಎಷ್ಟು?”

“ಒಂದು ಲಕ್ಷ ಇಪ್ಪತ್ತು ಸಾವಿರ. ರಸೀದಿ ಕೊಡಂಗಿಲ್ಲಂತ್ರಿ.”

ಅಲ್ಲೇ ನಿಂತು ಅವನ ಫೋನ್‌ನಲ್ಲೇ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್ ತೆಗೆದು ನೋಂದಾಯಿತ ಏಜೆಂಟರ ಪಟ್ಟಿ ನೋಡಿದೆವು. ಅವನು ಹೇಳಿದ ಹೆಸರು ಅದರಲ್ಲಿ ಇರಲಿಲ್ಲ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: “ಅವ್ವನ ಬಂಗಾರ ನಾಳೆ ಅಡ ಇಡಬೇಕಂತ ಮಾಡಿದ್ವಿರಿ.”

ಆ ಒಂದು ದಿನದ ಅಂತರ ಎಲ್ಲರಿಗೂ ಸಿಗೋದಿಲ್ಲ. 2024ರಲ್ಲಿ ಕಲಬುರಗಿ ಜಿಲ್ಲೆಯ ಕೆಲವು ಯುವಕರು ರಷ್ಯಾದಲ್ಲಿ ಸಿಕ್ಕಿಬಿದ್ದ ಸುದ್ದಿ ನಿಮಗೆ ನೆನಪಿರಬಹುದು. ಭದ್ರತಾ ಸಿಬ್ಬಂದಿ, ಸಹಾಯಕ ಅಂತ ಕೆಲಸ ತೋರಿಸಿ ಕರೆದೊಯ್ದವರು ಅವರನ್ನು ಉಕ್ರೇನ್ ಯುದ್ಧದ ಅಂಚಿಗೆ ತಳ್ಳಿದ್ದರು. ಆ ವರ್ಷ ಮಾರ್ಚ್‌ನಲ್ಲಿ ಸಿಬಿಐ ಇಂಥ ಏಜೆಂಟರ ಜಾಲದ ಮೇಲೆ ಪ್ರಕರಣ ದಾಖಲಿಸಿತು. ಹುಡುಗರು ಮನೆಗೆ ಬರುವಷ್ಟರಲ್ಲಿ ಸೆಪ್ಟೆಂಬರ್ ಆಗಿತ್ತು.

ಇಲ್ಲಿ ಒಂದು ವಿಷಯ ಗಮನಿಸಿ. 1983ರ ವಲಸೆ ಕಾಯ್ದೆ ಪ್ರಕಾರ ನೋಂದಣಿ ಇಲ್ಲದವರು ವಿದೇಶದ ಕೆಲಸಕ್ಕೆ ಜನರನ್ನು ಸೇರಿಸೋ ಹಾಗಿಲ್ಲ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ‘ಇಸಿಆರ್’ ಆಗಿರುತ್ತೆ. ಅಂಥವರು ಸೌದಿ, ಯುಎಇ, ಕತಾರ್, ಕುವೈತ್, ಒಮಾನ್, ಬಹರೇನ್, ಮಲೇಷ್ಯಾದಂಥ ದೇಶಗಳಿಗೆ ಕೆಲಸಕ್ಕೆ ಹೋಗೋ ಮೊದಲು ಸರ್ಕಾರದ ವಲಸೆ ಅನುಮತಿ ಪಡೆಯಬೇಕು. ಆಗ ಕೆಲಸದ ಕರಾರು ಪರಿಶೀಲನೆಯಾಗುತ್ತೆ. 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ಬಿಮಾ ವಿಮೆಯೂ ಕಡ್ಡಾಯ. ಎರಡು ವರ್ಷಕ್ಕೆ ಅದರ ಕಂತು ತೆರಿಗೆ ಬಿಟ್ಟು ಬರೀ 275 ರೂಪಾಯಿ.

ಆದರೆ ಎಸ್‌ಎಸ್‌ಎಲ್‌ಸಿ ಪಾಸಾದವನಿಗೆ ಈ ತಪಾಸಣೆ ಇಲ್ಲ. ರಷ್ಯಾ ಆ ದೇಶಗಳ ಪಟ್ಟಿಯಲ್ಲೇ ಇಲ್ಲ. ವಿಸಿಟ್ ವೀಸಾದಲ್ಲಿ ಹೋಗುವವನು ಕಾಗದದ ಮೇಲೆ ಬರೀ ಪ್ರವಾಸಿ. ಅಂದರೆ ಓದಿದ ಹುಡುಗನನ್ನೇ ತಡೆದು ‘ಎಲ್ಲಿಗೆ, ಯಾರ ಹತ್ತಿರ, ಎಷ್ಟು ಸಂಬಳಕ್ಕೆ?’ ಅಂತ ಕೇಳುವವರು ಯಾರೂ ಇಲ್ಲ. ಅದನ್ನು ಮನೆಯವರೇ ಕೇಳಬೇಕು.

ಸೇಡಂನಿಂದ ಬಸ್ಸಿನಲ್ಲಿ ಚಿಂಚೋಳಿಗೆ ಹೋದೆ. ಇಲ್ಲಿ ರೈಲಿಲ್ಲ, ಆದರೆ ಕಾಡಿದೆ. ಬಯಲುಸೀಮೆಯ ನಡುವೆ ಇಷ್ಟು ಹಸಿರಾ ಅಂತ ಆಶ್ಚರ್ಯ ಆಗುತ್ತೆ. 2011ರಲ್ಲಿ ಇದನ್ನು ವನ್ಯಜೀವಿ ಧಾಮ ಅಂತ ಘೋಷಿಸಿದರು. ಸುತ್ತಲಿನ ತಾಂಡಾಗಳಲ್ಲಿ ಸುಗ್ಗಿ ಮುಗಿದ ಮೇಲೆ ಎಷ್ಟೋ ಮನೆಗೆ ಬೀಗ. ಮುಂಬೈ, ಪುಣೆ, ಹೈದರಾಬಾದ್‌ಗೆ ದುಡಿಯಲು ಹೋದವರ ಮನೆಗಳು. ಊರು ಬಿಡೋದು ಈ ಜನಕ್ಕೆ ಹೊಸದಲ್ಲ. ಮುಂಬೈಯಲ್ಲಿ ಮೋಸ ಆದರೆ ರಾತ್ರಿ ಗಾಡಿ ಹತ್ತಿ ಬರಬಹುದು. ಪಾಸ್‌ಪೋರ್ಟ್ ಇನ್ನೊಬ್ಬರ ಕೈಯಲ್ಲಿರುವ ಊರಿಂದ ಹಾಗೆ ಬರೋಕಾಗಲ್ಲ.

ಹಾಗಂತ ಹೋಗಬೇಡಿ ಅಂತ ಹೇಳುತ್ತಿಲ್ಲ. ಗಲ್ಫ್ ದುಡಿಮೆಯಿಂದ ಮನೆ ಕಟ್ಟಿದವರು, ತಂಗಿಯನ್ನು ನರ್ಸಿಂಗ್ ಓದಿಸಿದವರು ಇದ್ದಾರೆ. ಹೋಗುವ ದಾರಿ ನೆಟ್ಟಗಿರಲಿ, ಅಷ್ಟೇ. ಪಾಸ್‌ಪೋರ್ಟ್‌ಗೆ ಕಲಬುರಗಿಯಲ್ಲೇ ಸೇವಾ ಕೇಂದ್ರ ಇದೆ. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ, ಅದಕ್ಕೆ ರಸೀದಿ ಕೊಡಲೇಬೇಕು. ವಿದೇಶದ ಕೆಲಸಕ್ಕೆ ಸಂಬಂಧಿಸಿದ ಪ್ರಶ್ನೆ, ದೂರು ಇದ್ದರೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ಸಂಖ್ಯೆ 1800 11 3090. ಆಗಲೇ ಹೋಗಿ ಸಿಕ್ಕಿಕೊಂಡವರ ಪರವಾಗಿ ಮನೆಯವರು ‘ಮದದ್’ ಪೋರ್ಟಲ್‌ನಲ್ಲಿ ದೂರು ಹಾಕಬಹುದು.

ವಕೀಲರ ಫೀಸಿಗೆ ಹೆದರುವವರು ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಗೆ ಹೋಗಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಡಿಮೆ ಆದಾಯದವರಿಗೆ ಅಲ್ಲಿ ವಕೀಲರ ನೆರವು ಉಚಿತ. ಕಾನೂನು ಸೇವೆಯ ಸಹಾಯವಾಣಿ 15100.

ಇದನ್ನು ಓದುತ್ತಿರುವ ನೀವು ಬೆಂಗಳೂರಿನಲ್ಲೋ ಪುಣೆಯಲ್ಲೋ ಕೆಲಸದಲ್ಲಿರಬಹುದು. ಕಂಪನಿಯ ಆಫರ್ ಲೆಟರ್ ಬಂದಾಗ ಪ್ರತಿ ಸಾಲು ಓದಿ, ನಾಲ್ಕು ಜನರನ್ನು ಕೇಳಿ ಸಹಿ ಹಾಕಿರುತ್ತೀರಿ. ಊರಿಂದ ತಮ್ಮನೋ, ಕಾಕಾನ ಮಗನೋ ಫೋನ್ ಮಾಡಿ “ವೀಸಾ ಬಂದದ” ಅಂದಾಗ ಅದೇ ಕಣ್ಣು ಅವನ ಕಾಗದದ ಮೇಲೂ ಇರಲಿ. ಶುಭಾಶಯ ಹೇಳಿ ಫೋನ್ ಇಡಬೇಡಿ. ವೀಸಾ ಯಾವ ಬಗೆಯದು, ಏಜೆಂಟ್ ಹೆಸರು ಪಟ್ಟಿಯಲ್ಲಿ ಇದೆಯಾ, ಕರಾರಿನಲ್ಲಿ ಸಂಬಳ ಎಷ್ಟು ಅಂತ ಕೇಳಿ, ಎಲ್ಲವನ್ನೂ ವಾಟ್ಸ್ಆ್ಯಪ್ ಮಾಡಿಸಿಕೊಳ್ಳಿ. ಹತ್ತು ನಿಮಿಷದ ಕೆಲಸ. ಬಂಗಾರ ಅಡ ಇಡೋ ಮುಂಚೆ ಅದು ಆಗಿಬಿಡಲಿ.